ಗದ್ದಲ ನುಡಿದ ಸಾಕ್ಷಿ

ಗದ್ದಲವೆಂದರೆ ವಿದ್ಯುಚ್ಛಾಸ್ತ್ರಜ್ಞನಿಗೆ ಹುಟ್ಟು ವೈರಿ. ದೂರದ ನಿಲಯವೊಂದರ ಸಂಗೀತವನ್ನು ಕೇಳಲೆಂದು ರೇಡಿಯೋದ ಕಿವಿ ಹಿಂಡಿದವರೆಲ್ಲರಿಗೂ ಆ ವೈರಿಯ ಪರಿಚಯವುಂಟು. ಆಲಾಪನೆ ಕಳೆಕಟ್ಟುವ ಹೊತ್ತಿಗೆ ಸರಿಯಾಗಿ ಚರಚರ, ಬುಸಬುಸ ಎಂಬ ಸದ್ದೆದ್ದು ರಾಗವನ್ನೆಲ್ಲ ನುಂಗಿಬಿಡುತ್ತದೆ. ಸಿಡಿಲು, ಮಿಂಚು, ಪಕ್ಕದ ಮನೆಯ ಯಂತ್ರಗಳು ಇವೆಲ್ಲವೂ ಈ ಸದ್ದಿಗೆ ಕಾರಣವಾಗುವುದುಂಟು. ಆದರೆ ಇವೆಲ್ಲ ಇಲ್ಲದ ಪ್ರಶಾಂತ ಕೊಠಡಿಯಲ್ಲಿಯೂ, ಅತ್ಯಂತ ಶುದ್ಧವಾದ ತಂತಿಯೊಳಗೂ, ವಿದ್ಯುತ್ತು ಸದ್ದಿಲ್ಲದೆ ಹರಿಯುವುದಿಲ್ಲ. ಸೂಕ್ಷ್ಮವಾಗಿ ಅಳೆದು ನೋಡಿದರೆ ಪ್ರವಾಹವು ಕ್ಷಣಕ್ಷಣಕ್ಕೂ ಒಂದಿಷ್ಟು ಏರುತ್ತ, ಒಂದಿಷ್ಟು ಇಳಿಯುತ್ತ ಇರುತ್ತದೆ. ಈ ಏರಿಳಿತಕ್ಕೇ ವಿಜ್ಞಾನಿಗಳು ಗದ್ದಲವೆಂದು ಹೆಸರಿಟ್ಟಿದ್ದಾರೆ. ಅದನ್ನು ಅಡಗಿಸುವುದಕ್ಕಾಗಿ ಅವರು ಪಟ್ಟಿರುವ ಪಾಡು ಅಷ್ಟಿಷ್ಟಲ್ಲ.

ಆದರೆ ಸಭ್ಯ ಸಾಕ್ಷಿಗಳೆಲ್ಲ ಬಾಯಿ ಬಿಡಲಾರದೆ ನಿಂತ ವ್ಯಾಜ್ಯದಲ್ಲಿ ಬೀದಿಯ ಬಾಯಿಬಡುಕನೊಬ್ಬನ ಮಾತಿನಿಂದ ನಿಜ ಹೊರಬೀಳುವ ಪ್ರಸಂಗವೂ ಉಂಟು. ವಿಜ್ಞಾನದ ಅಂಗಳದಲ್ಲಿಯೂ ಅಂಥದೊಂದು ವ್ಯಾಜ್ಯ ನಡೆದಿದೆ. ಪರಮಾಣುವಿನಷ್ಟೇ ತೆಳುವಾದ ಅರೆವಾಹಕದ ಹಾಳೆಯೊಂದು ಅಯಸ್ಕಾಂತವಾಗಬಲ್ಲುದೆ? ಆದರೆ, ಆ ಕಾಂತತ್ವವನ್ನು ವಿದ್ಯುತ್ತಿನಿಂದಲೇ ಏರಿಸಿ ಇಳಿಸಬಹುದೆ? ಎಲ್ಲಕ್ಕಿಂತ ಮಿಗಿಲಾಗಿ, ಅದು ಅಯಸ್ಕಾಂತವಾಗಿದೆಯೆಂದು ಯಾರಾದರೂ ಹೇಳಿದರೆ ನಂಬುವುದು ಹೇಗೆ? ಈ ಕಡೆಯ ಪ್ರಶ್ನೆಗೆ ಉತ್ತರ ಹೇಳಲು ಕಟಕಟೆಯನ್ನೇರಿದ ಸಾಕ್ಷಿ ಬೇರೆ ಯಾರೂ ಅಲ್ಲ, ಈ ಗದ್ದಲವೇ.

ಕಬ್ಬಿಣದ ಪಿಸುಮಾತು

ಕಾಂತತ್ವಕ್ಕೂ ಗದ್ದಲಕ್ಕೂ ಇರುವ ನಂಟು ಹಳೆಯದು. ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದ ಹೈನ್‌ರಿಖ್ ಬಾರ್ಕ್‌ಹೌಸೆನ್ 1919ರಲ್ಲಿ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದ. ಕಬ್ಬಿಣದ ತುಂಡೊಂದಕ್ಕೆ ತಂತಿಯ ಸುರುಳಿ ಸುತ್ತಿ, ಅದರ ತುದಿಗಳನ್ನು ಧ್ವನಿವರ್ಧಕ ಯಂತ್ರಕ್ಕೆ ಜೋಡಿಸಿ, ಅಯಸ್ಕಾಂತವೊಂದನ್ನು ಮೆಲ್ಲನೆ ಕಬ್ಬಿಣದ ಬಳಿ ತಂದ. ಅಯಸ್ಕಾಂತವೇನೋ ನಯವಾಗಿ, ಒಂದೇ ಸಮನಾಗಿ ಚಲಿಸಿತು. ಆದರೆ ಯಂತ್ರದಿಂದ ಕೇಳಿಬಂದದ್ದು ಹುರಿಗಡಲೆ ಸಿಡಿದಂಥ ಚಟಪಟ ಸದ್ದು.

ಕಬ್ಬಿಣದೊಳಗೆ ನಡೆಯುತ್ತಿದ್ದುದೇನು? ಫ್ರಾನ್ಸಿನ ಪಿಯೆರ್ ವೈಸ್ 1907ರಲ್ಲಿಯೇ ಒಂದು ಊಹೆಯನ್ನು ಮುಂದಿಟ್ಟಿದ್ದ. ಕಬ್ಬಿಣದ ಪ್ರತಿಯೊಂದು ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ಅವು ಗುಂಪುಗೂಡಿ ಸಣ್ಣ ಸಣ್ಣ ಪ್ರಾಂತಗಳನ್ನು ಕಟ್ಟಿಕೊಂಡಿರುತ್ತವೆ. ಒಂದು ಪ್ರಾಂತದೊಳಗಿನ ಪರಮಾಣುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ನೆರೆಯ ಪ್ರಾಂತದವು ಬೇರೊಂದು ದಿಕ್ಕಿಗೆ. ಹೊರಗಿನ ಅಯಸ್ಕಾಂತ ಹತ್ತಿರ ಬಂದಂತೆ ಈ ಪ್ರಾಂತಗಳ ಗಡಿಗಳು ಸರಿಯುತ್ತವೆ. ಆದರೆ ಎಣ್ಣೆಯಲ್ಲಿ ಜಾರಿದಂತೆ ಸರಿಯುವುದಿಲ್ಲ. ಲೋಹದ ಒಳಗಿನ ಓರೆಕೋರೆಗಳಿಗೆ ಸಿಕ್ಕಿ ನಿಲ್ಲುತ್ತವೆ, ಬಿಡಿಸಿಕೊಂಡು ಒಮ್ಮೆಗೇ ನೆಗೆಯುತ್ತವೆ. ಒಂದೊಂದು ನೆಗೆತಕ್ಕೆ ಒಂದೊಂದು ಚಟಪಟ. ಬಾರ್ಕ್‌ಹೌಸೆನ್ ಕೇಳಿದ್ದು ಕಬ್ಬಿಣದ ಒಳಮನೆಯ ಪಿಸುಮಾತನ್ನೇ ಎನ್ನಬಹುದು.

ಇನ್ನೊಂದು ಪಾಠ ಅಮೆರಿಕದ ಬೆಲ್ ಪ್ರಯೋಗಶಾಲೆಯಿಂದ ಬಂದಿತು. ಅಲ್ಲಿ ಜಾನ್ ಜಾನ್ಸನ್ ಮತ್ತು ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ತೋರಿಸಿಕೊಟ್ಟಂತೆ, ಪ್ರವಾಹವೇ ಇಲ್ಲದ ವಾಹಕದಲ್ಲಿಯೂ ಎಲೆಕ್ಟ್ರಾನುಗಳ ಉಷ್ಣಚಲನೆಯಿಂದ ಗದ್ದಲ ಹುಟ್ಟುತ್ತದೆ. ಆ ಗದ್ದಲದ ಪ್ರಮಾಣದಿಂದ ವಾಹಕದ ಉಷ್ಣತೆಯನ್ನೇ ಹೇಳಬಹುದು. ಈ ಮಾತಿಗೆ ಸಂದ ಗೌರವ ಸಾಮಾನ್ಯವಾದುದಲ್ಲ. 2019ರ ಮೇ 20ರಂದು ಉಷ್ಣತೆಯ ಅಂತರರಾಷ್ಟ್ರೀಯ ಮಾನವನ್ನು ಹೊಸದಾಗಿ ವ್ಯಾಖ್ಯೆ ಮಾಡಿದಾಗ, ಅದಕ್ಕೆ ಆಧಾರವಾದ ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ನಿರ್ಣಯಿಸಿದ ಅಳತೆಗಳಲ್ಲಿ ಈ ಗದ್ದಲದ ಅಳತೆಯೂ ಒಂದಾಗಿದ್ದಿತು. ಕಸವೆಂದು ಗುಡಿಸಿ ಹಾಕುತ್ತಿದ್ದುದರಲ್ಲಿ ಚಿನ್ನದ ಹುಡಿಯಿದ್ದಿತು.

ತೆಳುವಿನ ಪರಮಾವಧಿ

ಈಗ ಹಾಳೆಯ ಕಡೆಗೆ ತಿರುಗೋಣ. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅವರು ಪೆನ್ಸಿಲಿನ ಸೀಸವಾದ ಗ್ರಾಫೈಟಿನಿಂದ ಅಂಟುಪಟ್ಟಿಯ ಸಹಾಯದಿಂದ ಒಂದೇ ಪರಮಾಣುವಿನ ದಪ್ಪವುಳ್ಳ ಪದರವನ್ನು ಸುಲಿದು ತೆಗೆದು, ಅದರ ವಿದ್ಯುದ್ಗುಣಗಳನ್ನು ಅಳೆದರು. ಗ್ರಾಫೀನ್ ಎಂಬ ಆ ಪದರಕ್ಕಾಗಿ ಅವರಿಗೆ 2010ರ ನೊಬೆಲ್ ಪಾರಿತೋಷಕ ದೊರೆಯಿತು. ಆ ಬಳಿಕ ಈ ಬಗೆಯ ಹಾಳೆಗಳಿಗಾಗಿ ವಿಜ್ಞಾನಿಗಳು ಬೇರೆ ಖನಿಜಗಳನ್ನೂ ಸುಲಿಯತೊಡಗಿದರು.

ಅವುಗಳಲ್ಲೊಂದು ಟಂಗ್‌ಸ್ಟನ್ ಡೈಸೆಲೆನೈಡ್. ವಿದ್ಯುದ್ದೀಪದ ತಂತುವಿಗೆ ಬಳಸುತ್ತಿದ್ದ ಟಂಗ್‌ಸ್ಟನ್ ಲೋಹದ ಪರಮಾಣುಗಳು ನಡುವೆ ಒಂದು ಸಾಲು. ಮೇಲೊಂದು, ಕೆಳಗೊಂದು ಸೆಲೆನಿಯಮ್ ಪರಮಾಣುಗಳ ಸಾಲು. ಹೋಳಿಗೆಯಲ್ಲಿ ಹೂರಣ ಕುಳಿತಂತೆ ಲೋಹವು ಎರಡು ಸೆಲೆನಿಯಮ್ ಪದರಗಳ ನಡುವೆ ಕುಳಿತಿರುತ್ತದೆ. ಇಂಥ ಒಂದು ಪದರದ ದಪ್ಪ ಸುಮಾರು 0.7 ನ್ಯಾನೋಮೀಟರ್. ಒಂದು ಲಕ್ಷ ಪದರಗಳನ್ನು ಒಂದರ ಮೇಲೊಂದು ಒಟ್ಟಿದರೆ ತಲೆಗೂದಲೊಂದರ ದಪ್ಪವಾದೀತು. ಇದು ಅರೆವಾಹಕ, ಎಂದರೆ ಟ್ರಾನ್ಸಿಸ್ಟರಿಗೆ ಒದಗುವ ಜಾತಿಯ ವಸ್ತು. ಹಾಳೆಯ ಪಕ್ಕದಲ್ಲಿ ಒಂದು ಲೋಹದ ತಗಡನ್ನಿಟ್ಟು ಅದಕ್ಕೆ ವಿದ್ಯುದೊತ್ತಡ ಕೊಟ್ಟರೆ ಹಾಳೆಯೊಳಗಿನ ವಿದ್ಯುತ್ಕಣಗಳ ಸಂಖ್ಯೆಯನ್ನು ಹೆಚ್ಚಿಸಬಹುದು, ಕಡಿಮೆ ಮಾಡಬಹುದು. ಈ ತಗಡಿಗೆ ದ್ವಾರವೆಂದು ಹೆಸರು. ಕೆರೆಗೆ ತೂಬು ಹೇಗೋ ಟ್ರಾನ್ಸಿಸ್ಟರಿಗೆ ದ್ವಾರ ಹಾಗೆ.

ಇಂಥ ತೆಳುಹಾಳೆ ಅಯಸ್ಕಾಂತವಾಗುವುದು ಸುಲಭವಲ್ಲ. ಕಾಂತತ್ವವೆಂದರೆ ಪರಮಾಣುಗಳ ಒಗ್ಗಟ್ಟು. ಉಷ್ಣವೆಂದರೆ ಆ ಒಗ್ಗಟ್ಟನ್ನು ಮುರಿಯುವ ಜಗಳಗಂಟ. ಘನವಾದ ಲೋಹದಲ್ಲಿ ಪ್ರತಿಯೊಂದು ಪರಮಾಣುವಿಗೂ ಮೇಲೆ, ಕೆಳಗೆ, ಸುತ್ತಲೂ ನೆರೆಹೊರೆಯ ಆಸರೆಯಿರುತ್ತದೆ. ಆದ್ದರಿಂದಲೇ ಕಬ್ಬಿಣದ ಕಾಂತತ್ವ 770 ಡಿಗ್ರಿ ಸೆಲ್ಸಿಯಸ್‌ವರೆಗೂ ಉಳಿಯುತ್ತದೆ. ಹಾಳೆಯಲ್ಲಿ ಮೇಲೆ ಕೆಳಗೆ ಯಾರೂ ಇಲ್ಲ. ಡೇವಿಡ್ ಮರ್ಮಿನ್ ಮತ್ತು ಹರ್ಬರ್ಟ್ ವಾಗ್ನರ್ ಎಂಬ ಇಬ್ಬರು 1966ರಲ್ಲಿ ಗಣಿತದಿಂದಲೇ ಇದನ್ನು ಸಾಧಿಸಿದರು: ಪರಮಾಣು ಅಯಸ್ಕಾಂತಗಳಿಗೆ ಎಲ್ಲ ದಿಕ್ಕುಗಳೂ ಸಮಾನವಾಗಿರುವ ಸಮತಲದ ಹಾಳೆಯಲ್ಲಿ, ಉಷ್ಣವೆಂಬುದು ಲೇಶಮಾತ್ರವಿದ್ದರೂ ಕಾಂತತ್ವ ನೆಲೆನಿಲ್ಲಲಾರದು. ಆದರೆ ಒಂದು ದಿಕ್ಕು ಇನ್ನೊಂದಕ್ಕಿಂತ ಹಿತವೆನಿಸುವ ಹರಳಿನಲ್ಲಿ ಈ ನಿಷೇಧ ಅನ್ವಯಿಸದು. 2017ರಲ್ಲಿ ಅಮೆರಿಕದ ವಿಜ್ಞಾನಿಗಳು ಕ್ರೋಮಿಯಮ್ ಅಯೋಡೈಡಿನ ಒಂದೇ ಪದರದಲ್ಲಿ ಕಾಂತತ್ವವನ್ನು ಕಂಡರು. ಆದರೆ ಅದು ಉಳಿದದ್ದು ಸೊನ್ನೆಗಿಂತ ಸುಮಾರು 228 ಡಿಗ್ರಿ ಸೆಲ್ಸಿಯಸ್ ಕೆಳಗಿನ ಕೊರೆಯುವ ಚಳಿಯಲ್ಲಿ ಮಾತ್ರ.

ಸಾವಿರಕ್ಕೊಬ್ಬ ಅತಿಥಿ

ಸ್ವಭಾವತಃ ಅಯಸ್ಕಾಂತವಲ್ಲದ ಅರೆವಾಹಕದಲ್ಲಿ ಬೇರೊಂದು ಧಾತುವನ್ನು ಸ್ವಲ್ಪವೇ ಬೆರೆಸಿ ಕಾಂತತ್ವವನ್ನು ತರಿಸುವುದು ಇನ್ನೊಂದು ಹಾದಿ. ಹಾಲಿಗೆ ಹೆಪ್ಪು ಹಾಕಿದಂಥ ಕೆಲಸವಿದು. ಜಪಾನಿನ ಹಿಡೆಯೊ ಓನೊ ಮತ್ತು ಸಂಗಡಿಗರು 1996ರಲ್ಲಿ ಗ್ಯಾಲಿಯಮ್ ಆರ್ಸೆನೈಡಿಗೆ ಮ್ಯಾಂಗನೀಸನ್ನು ಬೆರೆಸಿ ಅದನ್ನು ಅಯಸ್ಕಾಂತವಾಗಿಸಿದರು. 2000ದಲ್ಲಿ ಅವರೇ ಇಂಥ ಇನ್ನೊಂದು ಅರೆವಾಹಕದಲ್ಲಿ ವಿದ್ಯುದೊತ್ತಡದಿಂದ ಕಾಂತತ್ವವನ್ನು ಏರಿಸಿ ಇಳಿಸಿ ತೋರಿಸಿದರು. ಅದುವರೆಗೆ ಯಾರೂ ಅಯಸ್ಕಾಂತಕ್ಕೆ ಹೀಗೆ ಕಡಿವಾಣ ಹಾಕಿರಲಿಲ್ಲ. ಆದರೆ ಇವೆಲ್ಲವೂ ತೀವ್ರ ಶೈತ್ಯದಲ್ಲಿ ಮಾತ್ರ ನಡೆಯುವ ವಿದ್ಯಮಾನಗಳು. ಮನೆಯ ಯಂತ್ರಕ್ಕೆ ಒದಗತಕ್ಕವಲ್ಲ.

ದಕ್ಷಿಣ ಕೊರಿಯಾದ ಸುವಾನ್ ನಗರದ ಸುಂಗ್‌ಕ್ಯುಂಕ್ವಾನ್ ವಿಶ್ವವಿದ್ಯಾನಿಲಯದಲ್ಲಿ ಯಂಗ್ ಹೀ ಲೀ ಅವರ ತಂಡ ಈ ಹೆಪ್ಪನ್ನು ಟಂಗ್‌ಸ್ಟನ್ ಡೈಸೆಲೆನೈಡಿನ ಹಾಳೆಗೆ ಹಾಕಿತು. ಬೆರೆಸಿದ ಧಾತು ವೆನೇಡಿಯಮ್. ಟಂಗ್‌ಸ್ಟನ್ ಪರಮಾಣುಗಳಲ್ಲಿ ಸಾವಿರಕ್ಕೊಂದನ್ನು ತೆಗೆದು ಆ ಸ್ಥಾನದಲ್ಲಿ ವೆನೇಡಿಯಮ್ಮನ್ನು ಕೂರಿಸಿದಷ್ಟು ಪ್ರಮಾಣ. ಇಷ್ಟರಿಂದಲೇ ಹಾಳೆ ಕೋಣೆಯ ಉಷ್ಣತೆಯಲ್ಲಿಯೂ ಅಯಸ್ಕಾಂತದ ಲಕ್ಷಣಗಳನ್ನು ತೋರುತ್ತದೆಂದೂ, ದ್ವಾರದ ಒತ್ತಡಕ್ಕೆ ತಕ್ಕಂತೆ ಅದರ ಕಾಂತಪ್ರಾಂತಗಳು ಬದಲಾಗುತ್ತವೆಂದೂ ಅವರು 2020ರಲ್ಲಿ ವರದಿ ಮಾಡಿದರು.

ಇಲ್ಲಿ ಓದುಗರು ಒಂದು ಲೆಕ್ಕವನ್ನು ಗಮನಿಸಬೇಕು. ಸಾವಿರಕ್ಕೊಂದು ವೆನೇಡಿಯಮ್ ಎಂದರೆ, ಒಬ್ಬ ಅತಿಥಿಗೂ ಅವನ ನೆರೆಯ ಅತಿಥಿಗೂ ನಡುವೆ ಸರಾಸರಿ ಮೂವತ್ತು ಟಂಗ್‌ಸ್ಟನ್ ಮನೆಗಳ ಅಂತರ. ಪರಮಾಣುಗಳು ಒಂದರ ಪಕ್ಕ ಒಂದು ಇದ್ದಾಗ ಮಾತ್ರ ನೇರವಾಗಿ ಕೈಹಿಡಿಯಬಲ್ಲವು. ಇಷ್ಟು ದೂರದಲ್ಲಿರುವವರೆಲ್ಲ ಒಂದೇ ದಿಕ್ಕಿಗೆ ತಿರುಗಲು ಒಪ್ಪುವುದಾದರೂ ಹೇಗೆ?

ಇದಕ್ಕೆ ಅಂಚೆಯವನೊಬ್ಬ ಬೇಕು. ವೆನೇಡಿಯಮ್ ಪರಮಾಣುವಿನಲ್ಲಿ ಬಂಧಕ್ಕೊದಗುವ ಎಲೆಕ್ಟ್ರಾನುಗಳು ಟಂಗ್‌ಸ್ಟನ್ನಿಗಿಂತ ಒಂದು ಕಡಿಮೆ. ಆ ಕೊರತೆಯ ಜಾಗಕ್ಕೆ ರಂಧ್ರವೆಂದು ಹೆಸರು. ಪಂಕ್ತಿಯ ಊಟದಲ್ಲಿ ಒಂದು ಎಲೆ ಖಾಲಿಯಿದ್ದು, ಪಕ್ಕದವನು ಅತ್ತ ಸರಿದರೆ ಅವನ ಎಲೆ ಖಾಲಿಯಾಗುವಂತೆ, ಈ ಕೊರತೆಯೇ ಹಾಳೆಯುದ್ದಕ್ಕೂ ಸಂಚರಿಸಬಲ್ಲುದು. ಹೀಗೆ ಸಂಚರಿಸುವ ರಂಧ್ರವು ಒಬ್ಬ ವೆನೇಡಿಯಮ್ಮನ ದಿಕ್ಕಿನ ಸುದ್ದಿಯನ್ನು ಇನ್ನೊಬ್ಬನಿಗೆ ಮುಟ್ಟಿಸುತ್ತದೆ. ದ್ವಾರದ ಒತ್ತಡವನ್ನು ಒಂದು ಕಡೆಗೆ ತಿರುಗಿಸಿದರೆ ರಂಧ್ರಗಳು ಹೆಚ್ಚುತ್ತವೆ, ಪರಸ್ಪರ ಒಪ್ಪಂದ ಬಲಗೊಳ್ಳುತ್ತದೆ. ಇನ್ನೊಂದು ಕಡೆಗೆ ತಿರುಗಿಸಿದರೆ ಅಂಚೆ ನಿಂತು ಒಪ್ಪಂದ ಸಡಿಲಗೊಳ್ಳುತ್ತದೆ. ಅಯಸ್ಕಾಂತವನ್ನು ವಿದ್ಯುತ್ತಿನಿಂದ ಶ್ರುತಿ ಮಾಡುವುದರ ಗುಟ್ಟು ಇದೇ.

ಚಿಮಟ ಕಲಿಸಿದ ಪಾಠ

ಆದರೆ ಇಂಥ ವರದಿಗಳನ್ನು ಕೇಳಿದಾಗ ಅನುಭವಸ್ಥ ವಿಜ್ಞಾನಿಗಳು ಒಡನೆಯೇ ಚಪ್ಪಾಳೆ ತಟ್ಟುವುದಿಲ್ಲ. ಅದಕ್ಕೆ ಕಾರಣವಿದೆ. 2004ರಲ್ಲಿ ಹಾಫ್ನಿಯಮ್ ಆಕ್ಸೈಡೆಂಬ ವಸ್ತುವಿನ ತೆಳುಪದರಗಳು ಯಾವ ಕಾಂತಧಾತುವಿನ ಬೆರಕೆಯೂ ಇಲ್ಲದೆ ಅಯಸ್ಕಾಂತವಾಗಿವೆಯೆಂಬ ಸುದ್ದಿ ಹೊರಟು ಜಗತ್ತು ಬೆರಗಾಯಿತು. ಮರುವರ್ಷ ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಸಂಶೋಧಕರು ಅದೇ ವಸ್ತುವನ್ನು ಅತ್ಯಂತ ಎಚ್ಚರದಿಂದ ತಯಾರಿಸಿ ಪರೀಕ್ಷಿಸಿದರು. ಶುದ್ಧ ಪದರದಲ್ಲಿ ಕಾಂತತ್ವದ ಸುಳಿವೇ ಇರಲಿಲ್ಲ! ಆದರೆ ಅದೇ ಪದರವನ್ನು ಉಕ್ಕಿನ ಚಿಮಟದಿಂದ ಹಿಡಿದು ಎತ್ತಿಟ್ಟಾಗ ಅದು ‘ಅಯಸ್ಕಾಂತ’ವಾಯಿತು. ಚಿಮಟ ತಗುಲಿದಲ್ಲಿ ಅಂಟಿದ ಕಣ್ಣಿಗೆ ಕಾಣದ ಉಕ್ಕಿನ ಹುಡಿಯೇ ಆ ಮಾಯೆಯನ್ನು ಸೃಷ್ಟಿಸಬಲ್ಲುದೆಂದು ಸಿದ್ಧವಾಯಿತು.

ಪರಮಾಣು ದಪ್ಪದ ಹಾಳೆಯಲ್ಲಿ ಈ ಅಪಾಯ ಎಷ್ಟು ದೊಡ್ಡದೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಒಂದು ಚದರ ಸೆಂಟಿಮೀಟರ್ ಹಾಳೆಯಲ್ಲಿ, ಸಾವಿರಕ್ಕೊಂದರಂತೆ, ಸುಮಾರು ಒಂದು ಲಕ್ಷ ಕೋಟಿ ವೆನೇಡಿಯಮ್ ಪರಮಾಣುಗಳಿರುತ್ತವೆ. ಸಂಖ್ಯೆ ದೊಡ್ಡದೆಂದು ತೋರಬಹುದು. ಆದರೆ ಅಷ್ಟೇ ಕಬ್ಬಿಣದ ಪರಮಾಣುಗಳನ್ನು ಒಂದೆಡೆ ಸೇರಿಸಿದರೆ ಅದರ ತೂಕ ಒಂದು ಗ್ರಾಮಿನ ಸಾವಿರ ಕೋಟಿ ಭಾಗಗಳಲ್ಲಿ ಒಂದು ಭಾಗ ಮಾತ್ರ. ಗಾತ್ರ, ಒಂದು ಮಿಲಿಮೀಟರಿನ ನಾನೂರರಲ್ಲಿ ಒಂದು ಪಾಲಿನಷ್ಟು ಅಗಲದ ಕಣ. ಧೂಳಿನ ಅಂಥ ಒಂದೇ ಒಂದು ಕಣ ಎಲ್ಲಿಂದಲೋ ಹಾರಿಬಂದು ಹಾಳೆಯ ಮೂಲೆಯಲ್ಲಿ ಕುಳಿತರೆ ಸಾಕು, ಇಡೀ ಹಾಳೆಯ ಕಾಂತತ್ವಕ್ಕೆ ಸರಿಸಮನಾದ ಸುಳ್ಳುಸಾಕ್ಷಿ ಸಿದ್ಧವಾದಂತೆಯೇ! ಹಾಳೆಯನ್ನು ಹೊರಗಿನಿಂದ ತೂಗಿ ನೋಡುವ ಯಂತ್ರಕ್ಕೆ ಯಾವುದು ವೆನೇಡಿಯಮ್ಮಿನದು, ಯಾವುದು ಧೂಳಿನದು ಎಂಬ ಭೇದ ತಿಳಿಯದು.

ಆದ್ದರಿಂದ ಹಾಳೆಯೊಳಗೇ ಹಾದುಹೋಗಿ, ಅಲ್ಲಿ ಕಂಡುದನ್ನು ಹೊರಗೆ ಬಂದು ಹೇಳುವ ದೂತನೊಬ್ಬ ಬೇಕಾಯಿತು. ಹಾಳೆಯಲ್ಲಿ ಹರಿಯುವ ವಿದ್ಯುತ್ಪ್ರವಾಹವೇ ಆ ದೂತ. ಅದರ ಗದ್ದಲವೇ ದೂತನ ವಾರ್ತೆ.

ಎರಡು ನೆಲೆಗಳ ನಡುವೆ

ಪ್ರಯೋಗಶಾಲೆಯ ಗದ್ದಲಗಳಲ್ಲಿ ಒಂದು ವಿಚಿತ್ರ ಜಾತಿಯದುಂಟು. ಅದರಲ್ಲಿ ಪ್ರವಾಹವು ಮನಬಂದಂತೆ ಓಲಾಡುವುದಿಲ್ಲ. ಒಂದು ನೆಲೆಯಲ್ಲಿ ಸ್ವಲ್ಪ ಹೊತ್ತು ನಿಂತು, ಥಟ್ಟನೆ ಇನ್ನೊಂದು ನೆಲೆಗೆ ನೆಗೆದು, ಅಲ್ಲಿ ಸ್ವಲ್ಪ ಹೊತ್ತು ತಂಗಿ, ಮತ್ತೆ ಹಿಂದಿರುಗುತ್ತದೆ. ಹಳೆಯ ಟೆಲಿಗ್ರಾಫ್ ಕಚೇರಿಯ ಕಟ್ಟು-ಕಡ ಸಂಜ್ಞೆಯನ್ನು ಹೋಲುವುದರಿಂದ ಇದಕ್ಕೆ ಟೆಲಿಗ್ರಾಫ್ ಗದ್ದಲವೆಂದೇ ಹೆಸರು ಬಿದ್ದಿದೆ. ಆದರೆ ತಂತಿಯ ಆ ತುದಿಯಲ್ಲಿ ಗುಮಾಸ್ತನಿಲ್ಲ. ಯಾವಾಗ ನೆಗೆಯುವುದೆಂಬುದು ಶುದ್ಧ ಆಕಸ್ಮಿಕ. ಎರಡು ಹಳ್ಳಗಳ ನಡುವಿನ ದಿಬ್ಬದ ಮೇಲೆ ಚೆಂಡೊಂದು ಉಷ್ಣದ ತಳ್ಳಾಟದಿಂದ ಅತ್ತಿತ್ತ ಹಾರುತ್ತಿರುವುದನ್ನು ಕಲ್ಪಿಸಿಕೊಂಡರೆ ಇದರ ಸ್ವರೂಪ ತಿಳಿದೀತು.

ಸುವಾನಿನ ತಂಡ ವೆನೇಡಿಯಮ್ ಬೆರೆತ ಕೆಲವೇ ಪದರಗಳ ಹಾಳೆಯಲ್ಲಿ ವಿದ್ಯುತ್ತನ್ನು ಹರಿಸಿ 2023ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಕಾಣಿಸಿಕೊಂಡದ್ದು ಈ ಟೆಲಿಗ್ರಾಫ್ ಗದ್ದಲವೇ. ಸಾಮಾನ್ಯವಾಗಿ ಗದ್ದಲವೆಂದರೆ ಪ್ರವಾಹದ ಮೇಲೆ ತೇಲುವ ಕಿರುಅಲೆ. ಇಲ್ಲಿಯಾದರೋ ಎರಡು ನೆಲೆಗಳ ನಡುವಣ ನಿರೋಧದ ಜಿಗಿತ ಶೇಕಡಾ 80ರವರೆಗೂ ಮುಟ್ಟಿತು. ಇದನ್ನು ಪಿಸುಮಾತೆನ್ನುವಂತಿಲ್ಲ, ಡಂಗುರವೆನ್ನಬೇಕು.

ಇಲ್ಲಿಯೂ ಪಾಟೀಸವಾಲು ತಪ್ಪಲಿಲ್ಲ. ಟೆಲಿಗ್ರಾಫ್ ಗದ್ದಲ ಕಾಂತತ್ವದ ಸೊತ್ತೇನೂ ಅಲ್ಲ. ಬೆಲ್ ಪ್ರಯೋಗಶಾಲೆಯವರು 1984ರಲ್ಲಿಯೇ ಅತಿ ಸಣ್ಣ ಸಿಲಿಕನ್ ಟ್ರಾನ್ಸಿಸ್ಟರಿನಲ್ಲಿ ಇಂಥದೇ ನೆಗೆತವನ್ನು ಕಂಡಿದ್ದರು. ಅಲ್ಲಿ ಒಂಟಿ ಎಲೆಕ್ಟ್ರಾನೊಂದು ವಸ್ತುವಿನ ದೋಷವೊಂದರಲ್ಲಿ ಸಿಕ್ಕಿಬಿದ್ದು ಬಿಡಿಸಿಕೊಳ್ಳುವುದೇ ಕಾರಣವಾಗಿದ್ದಿತು. ಹಾಗಾದರೆ ವೆನೇಡಿಯಮ್ ಹಾಳೆಯ ಗದ್ದಲವೂ ಹಾಗೇ ಏಕಿರಬಾರದು? ಇದನ್ನು ಬಗೆಹರಿಸಲು ಸಂಶೋಧಕರು ಗದ್ದಲವನ್ನು ಬಿಡಿಬಿಡಿಯಾಗಿ ವಿಚಾರಿಸಿದರು. ಉಷ್ಣತೆ ಬದಲಾದಂತೆ ಅದು ಹೇಗೆ ಬದಲಾಗುತ್ತದೆ? ಒಂದೊಂದು ನೆಲೆಯಲ್ಲಿ ಎಷ್ಟೆಷ್ಟು ಕಾಲ ತಂಗುತ್ತದೆ? ಒತ್ತಡದ ದಿಕ್ಕನ್ನು ತಿರುಗಿಸಿದರೆ ಏನಾಗುತ್ತದೆ? ಒತ್ತಡದ ಧನ ಋಣಗಳನ್ನು ಅದಲು ಬದಲು ಮಾಡಿದಾಗ ನೆಗೆತದ ದಿಕ್ಕೂ ತಿರುಗಿತು. ಎಲ್ಲ ಉತ್ತರಗಳನ್ನೂ ಕೂಡಿಸಿ ಅವರು ಬಂದ ತೀರ್ಮಾನವಿದು: ಒಂದೇ ಪದರದೊಳಗಿನ ಕಾಂತಪ್ರಾಂತಗಳಿಗೆ ತಮ್ಮತಮ್ಮಲ್ಲಿ ಒಂದು ಬಗೆಯ ಸೆಳೆತ, ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಇನ್ನೊಂದು ಬಗೆಯ ಸೆಳೆತ. ಈ ಎರಡು ಸೆಳೆತಗಳ ಹಗ್ಗಜಗ್ಗಾಟದಲ್ಲಿ ಪ್ರಾಂತಗಳು ಒಮ್ಮೆ ಹೀಗೆ, ಒಮ್ಮೆ ಹಾಗೆ ಮಗ್ಗುಲು ಬದಲಿಸುತ್ತವೆ. ಅವು ಮಗ್ಗುಲು ಬದಲಿಸಿದಾಗಲೆಲ್ಲ ಪ್ರವಾಹದ ಹಾದಿ ಸುಗಮವೋ ದುರ್ಗಮವೋ ಆಗುತ್ತದೆ.

ಇಲ್ಲಿಯೇ ಗದ್ದಲದ ಸಾಕ್ಷ್ಯಕ್ಕಿರುವ ಬೆಲೆ ಸ್ಪಷ್ಟವಾಗುತ್ತದೆ. ಹಾಳೆಯ ಮೂಲೆಯಲ್ಲಿ ಬಿದ್ದ ಉಕ್ಕಿನ ಕಣವು ಪ್ರವಾಹದ ಹಾದಿಗೆ ಅಡ್ಡ ಬರುವುದಿಲ್ಲ. ಆದ್ದರಿಂದ ಅದು ಪ್ರವಾಹದಲ್ಲಿ ಇಂಥ ಭಾರಿ ನೆಗೆತಗಳನ್ನು ಎಬ್ಬಿಸಲಾರದು. ಅದಲ್ಲದೆ ಉಕ್ಕಿನಲ್ಲಿ ವಿದ್ಯುತ್ಕಣಗಳು ತುಂಬಿ ತುಳುಕುತ್ತಿರುವುದರಿಂದ ದ್ವಾರದ ಒತ್ತಡ ಅದರ ಕೂದಲನ್ನೂ ಕೊಂಕಿಸದು. ತೂಬನ್ನು ತಿರುಗಿಸಿದಾಗ ತಾನೂ ಬದಲಾಗುವ ಕಾಂತತ್ವ ಹಾಳೆಯದೇ ಹೊರತು ಚಿಮಟದ್ದಲ್ಲ. ಶ್ರುತಿ ಮಾಡಬಹುದೆಂಬ ಗುಣವೇ ಇಲ್ಲಿ ಸಾಚಾತನದ ಮುದ್ರೆಯಾಗಿ ಪರಿಣಮಿಸಿತು.

ಗದ್ದಲವನ್ನು ಹೀಗೆ ಅಳತೆಗೋಲಾಗಿ ಬಳಸುವ ವಿದ್ಯೆ ಕನ್ನಡನಾಡಿಗೂ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅರಿಂದಮ್ ಘೋಷ್ ಮತ್ತು ಸಹೋದ್ಯೋಗಿಗಳು 2009ರಲ್ಲಿಯೇ ಎರಡು ಪದರದ ಗ್ರಾಫೀನಿನ ನಿರೋಧದ ಗದ್ದಲವನ್ನು, ವಿದ್ಯುತ್ಕ್ಷೇತ್ರವನ್ನು ಬದಲಿಸುತ್ತ ಅಳೆದು ಪ್ರಕಟಿಸಿದ್ದರು. ಅಲ್ಲಿ ಕಾಂತತ್ವದ ಪ್ರಶ್ನೆಯಿರಲಿಲ್ಲ. ಆದರೆ ತೆಳುಹಾಳೆಯ ಒಳಗುಟ್ಟನ್ನು ಅದರ ಗದ್ದಲದಿಂದಲೇ ಹೊರಡಿಸುವ ಮಾರ್ಗ ಅದೇ.

ಗದ್ದಲಕ್ಕೂ ದುಡಿಮೆ

ಇದರಿಂದ ಲೋಕಕ್ಕೇನು ಪ್ರಯೋಜನ ಎಂದು ಕೇಳುವುದು ಸಹಜ. ಇಂದಿನ ಗಣಕಯಂತ್ರಗಳಲ್ಲಿ ಲೆಕ್ಕ ಮಾಡುವ ಅರೆವಾಹಕ ಒಂದು ಕಡೆ. ನೆನಪಿಟ್ಟುಕೊಳ್ಳುವ ಭಾಗ ಇನ್ನೊಂದು ಕಡೆ. ಇವೆರಡರ ನಡುವೆ ಸುದ್ದಿ ಸಾಗಿಸುವುದರಲ್ಲಿಯೇ ಎಷ್ಟೋ ಶಕ್ತಿ ಶಾಖವಾಗಿ ಪೋಲಾಗುತ್ತದೆ. ಲೆಕ್ಕವನ್ನೂ ನೆನಪನ್ನೂ ಒಂದೇ ಹಾಳೆ ನಿರ್ವಹಿಸುವಂತಾದರೆ, ಅದೂ ಬಿಸಿಯೇರಿಸುವ ಪ್ರವಾಹದಿಂದಲ್ಲದೆ ಬರಿಯ ಒತ್ತಡದಿಂದ ಅಯಸ್ಕಾಂತವನ್ನು ತಿರುಗಿಸುವಂತಾದರೆ, ಆ ದುಂದು ಬಹುಮಟ್ಟಿಗೆ ತಪ್ಪೀತು.

ಇನ್ನೊಂದು ಪ್ರಯೋಜನ ಮತ್ತೂ ಸ್ವಾರಸ್ಯವಾದುದು. ಆಕಸ್ಮಿಕವಾಗಿ ಎರಡು ನೆಲೆಗಳ ನಡುವೆ ನೆಗೆಯುವ ಅಯಸ್ಕಾಂತವೆಂದರೆ ಎಡೆಬಿಡದೆ ಚಿಮ್ಮುತ್ತಿರುವ ನಾಣ್ಯವಿದ್ದಂತೆ. ಹಲವು ನಾಣ್ಯಗಳನ್ನು ಒಂದಕ್ಕೊಂದು ತಳುಕು ಹಾಕಿದರೆ, ಅವು ತಮ್ಮ ಆಕಸ್ಮಿಕ ಹುಡುಕಾಟದಿಂದಲೇ ಕಷ್ಟದ ಲೆಕ್ಕಗಳಿಗೆ ಉತ್ತರವನ್ನು ತಡಕಿ ತೆಗೆಯಬಲ್ಲವು. 2019ರಲ್ಲಿ ಜಪಾನಿನ ತೊಹೊಕು ಮತ್ತು ಅಮೆರಿಕದ ಪರ್‌ಡ್ಯೂ ವಿಶ್ವವಿದ್ಯಾನಿಲಯಗಳ ಸಂಶೋಧಕರು ಬೇರೆ ಬಗೆಯ ಎಂಟು ಚಂಚಲ ಅಯಸ್ಕಾಂತಗಳನ್ನು ಹೀಗೆ ಜೋಡಿಸಿ 945 ಎಂಬ ಸಂಖ್ಯೆಯನ್ನು ಅಪವರ್ತನಗಳಾಗಿ ಒಡೆದು ತೋರಿಸಿದರು. ಶಾಲೆಯ ಹುಡುಗನೂ ಮಾಡಬಲ್ಲ ಲೆಕ್ಕವೆಂದು ನಗಬೇಕಾಗಿಲ್ಲ. ಆ ಹುಡುಗ ಗದ್ದಲ ಮಾಡದೆ ಕುಳಿತರೆ ಲೆಕ್ಕ ಮುಗಿಸುತ್ತಾನೆ. ಈ ಅಯಸ್ಕಾಂತಗಳು ಗದ್ದಲ ಮಾಡುವುದರಿಂದಲೇ ಲೆಕ್ಕ ಮುಗಿಸುತ್ತವೆ. ವ್ಯತ್ಯಾಸವಿರುವುದು ಅಲ್ಲಿ. ವಿದ್ಯುದೊತ್ತಡದಿಂದ ಹದಗೊಳಿಸಬಹುದಾದ ಗದ್ದಲವುಳ್ಳ ಹಾಳೆಗೆ ಇಂಥ ಕಾರ್ಯದಲ್ಲಿ ಸ್ಥಾನ ದೊರೆಯಬಹುದೆಂಬ ನಿರೀಕ್ಷೆ ನಿರಾಧಾರವಲ್ಲ.

ಆದರೆ ಪ್ರಯೋಗಶಾಲೆಯ ಮೇಜಿನಿಂದ ಅಂಗಡಿಯ ಕಪಾಟಿನವರೆಗಿನ ದಾರಿ ದೀರ್ಘವಾದುದು. ಸಾವಿರಕ್ಕೊಂದರಂತೆ ವೆನೇಡಿಯಮ್ಮನ್ನು ದೊಡ್ಡ ಹಾಳೆಯ ಉದ್ದಗಲಕ್ಕೂ ಒಂದೇ ಸಮನಾಗಿ ಬಿತ್ತಬೇಕು. ಒಂದು ಹಾಳೆ ತೋರಿದ ಗುಣವನ್ನು ಸಾವಿರ ಹಾಳೆಗಳೂ ತೋರಬೇಕು. ಬೇರೆ ಪ್ರಯೋಗಶಾಲೆಗಳಲ್ಲಿ, ಬೇರೆಯವರ ಕೈಯಲ್ಲಿ, ಅದೇ ಗದ್ದಲ ಅದೇ ಸಾಕ್ಷಿಯನ್ನು ಮತ್ತೆ ಮತ್ತೆ ನುಡಿಯಬೇಕು. ಚಿಮಟದ ಕಥೆಯನ್ನು ಬಲ್ಲವರು ಇದಕ್ಕಿಂತ ಕಡಿಮೆಯಾದುದಕ್ಕೆ ತೃಪ್ತರಾಗಲಾರರು, ಆಗಲೂಬಾರದು.

ಡ್ರೆಸ್ಡೆನ್ನಿನಲ್ಲಿ ಕಬ್ಬಿಣದ ಚಟಪಟವನ್ನು ಕೇಳಿದ ಪ್ರಾಧ್ಯಾಪಕನು ಅದನ್ನು ಯಂತ್ರದ ದೋಷವೆಂದು ತಳ್ಳಿಹಾಕಿದ್ದರೆ ಯಾರೂ ಅವನನ್ನು ದೂರುತ್ತಿರಲಿಲ್ಲ. ಅವನು ಕಿವಿಗೊಟ್ಟು ಕೇಳಿದ. ಲೋಹದ ತುಂಡಿನಿಂದ ಪರಮಾಣುವಿನ ಹಾಳೆಯವರೆಗೆ, ಒಂದು ಶತಮಾನದಲ್ಲಿ ವಸ್ತು ಬಹಳ ತೆಳುವಾಗಿದೆ. ಕೇಳುವ ಯಂತ್ರ ಬಹಳ ಚುರುಕಾಗಿದೆ. ಕಿವಿಗೊಡುವ ತಾಳ್ಮೆ ಮಾತ್ರ ಅಂದಿನಷ್ಟೇ ಅವಶ್ಯವಾಗಿ ಉಳಿದಿದೆ.